ಪುಡಿ ಹೊದಿಸಲೊಂದು ಡಬ್ಬಿ ಬೇಕೆ?

ಅಡುಗೆಮನೆಗೆ ಒಳಬರುವ ವಸ್ತುಗಳು ಹೆಚ್ಚು, ಹೊರಹೋಗುವ ವಸ್ತುಗಳು ಕಡಿಮೆ. ಮದುವೆಯಲ್ಲಿ ಉಡುಗೊರೆಯಾಗಿ ಬಂದ ಸ್ಯಾಂಡ್‌ವಿಚ್ ಟೋಸ್ಟರ್, ವಸ್ತುಪ್ರದರ್ಶನದಲ್ಲಿ ಮಾರಾಟಗಾರನ ಮಾತಿಗೆ ಮರುಳಾಗಿ ಕೊಂಡ ತರಕಾರಿ ಹೆಚ್ಚುವ ಯಂತ್ರ, ಒಮ್ಮೆ ಬಳಸಿ ತೊಳೆದಿಟ್ಟ ಐಸ್‌ಕ್ರೀಂ ಅಚ್ಚು ಎಲ್ಲವೂ ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಯೊಳಗೆ ಸುಖವಾಗಿ ನಿದ್ರಿಸುತ್ತಿರುತ್ತವೆ. ಈ ಸಾಲಿಗೆ ಸೇರಬಹುದಾದ ಇನ್ನೊಂದು ಸಲಕರಣೆ ಈಗ ಗಿರಾಕಿಗಳನ್ನು ಕರೆಯುತ್ತಿದೆ. ಅದು ಕಟ್ಲೆಟ್ಟು, ಮೀನು, ಕೋಳಿಯ ತುಂಡುಗಳಿಗೆ ಬ್ರೆಡ್ ಪುಡಿ ಹೊದಿಸುವ ಡಬ್ಬಿ.

ಇದರ ರಚನೆ ಸರಳ. ಮುಚ್ಚಳವಿರುವ ಅಗಲವಾದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ತೂತುಗಳಿರುವ ಒಂದು ತಟ್ಟೆ. ತಳದಲ್ಲಿ ಹಿಟ್ಟು ಅಥವಾ ಬ್ರೆಡ್ ಪುಡಿ ಹಾಕಿ, ಮೇಲೆ ತಟ್ಟೆ ಕೂರಿಸಿ, ತಟ್ಟೆಯ ಮೇಲೆ ತುಂಡುಗಳನ್ನಿಡಬೇಕು. ಮುಚ್ಚಳ ಬಿಗಿದು, ತಲೆಕೆಳಗು ಮಾಡಿ ಕುಲುಕಿದರೆ ಪುಡಿ ತುಂಡುಗಳಿಗೆ ಮೆತ್ತಿಕೊಳ್ಳುತ್ತದೆ. ಮತ್ತೆ ನೆಟ್ಟಗೆ ಹಿಡಿದು ಅಲ್ಲಾಡಿಸಿದರೆ ಹೆಚ್ಚಾದ ಪುಡಿ ತೂತುಗಳಿಂದ ಕೆಳಗೆ ಉದುರುತ್ತದೆ. ಕೈ ಅಂಟಾಗುವುದಿಲ್ಲ, ಕಟ್ಟೆ ಕೊಳೆಯಾಗುವುದಿಲ್ಲ ಎಂಬುದು ಮಾರುವವರ ಭರವಸೆ. ಇದೊಂದು ಕೆಲಸ ಬಿಟ್ಟರೆ ಬೇರಾವ ಕೆಲಸಕ್ಕೂ ಇದು ಬಾರದು.

ಒಂದೇ ಕೆಲಸಕ್ಕೆ ಬರುವ ಇಂಥ ಸಲಕರಣೆಯನ್ನು ಕೊಳ್ಳುವುದು ಜಾಣತನವೋ ದುಂದುಗಾರಿಕೆಯೋ? ಪ್ರಶ್ನೆ ಚಿಕ್ಕದಾಗಿ ಕಂಡರೂ ಇದರ ಹಿಂದೆ ಹಲವು ಶತಮಾನಗಳ ಕಥೆಯಿದೆ. ಹಣದ ಮಾತು ಹಾಗಿರಲಿ, ಅಡುಗೆಮನೆಯಲ್ಲಿ ದುಡಿಯುವವರ ಶ್ರಮ ನಿಜವಾಗಿ ಯಾವುದರಿಂದ ಉಳಿಯುತ್ತದೆ ಎಂಬ ದೊಡ್ಡ ಪ್ರಶ್ನೆಯೂ ಇದರಲ್ಲಿ ಅಡಗಿದೆ.

ಹಳಸಿದ ಬ್ರೆಡ್ಡಿನ ಮರುಹುಟ್ಟು

ಗೋಧಿಯ ಬ್ರೆಡ್ಡನ್ನೇ ನಿತ್ಯದ ಊಟವಾಗಿ ಉಣ್ಣುವ ಯುರೋಪಿನಲ್ಲಿ ಉಳಿದ ಬ್ರೆಡ್ಡು ಗೃಹಿಣಿಯರ ಹಳೆಯ ಸಮಸ್ಯೆ. ಕರ್ನಾಟಕದ ಮನೆಗಳಲ್ಲಿ ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುವಂತೆ, ಉಳಿದ ಇಡ್ಲಿ ಉಪ್ಪಿಟ್ಟಾಗುವಂತೆ, ಅಲ್ಲಿ ಒಣಗಿ ಗಟ್ಟಿಯಾದ ಬ್ರೆಡ್ಡು ಸೂಪಿಗೆ, ಪಾಯಸದಂಥ ಸಿಹಿಗೆ, ಇಲ್ಲವೆ ಪುಡಿಯಾಗಿ ಮಾಂಸದ ಹೊದಿಕೆಗೆ ಬಂತು. ಪುಡಿ ಹೊದಿಸಿ ಕರಿಯುವ ಪದ್ಧತಿಯ ಮೂಲದಲ್ಲಿರುವುದು ಈ ಉಳಿತಾಯದ ಬುದ್ಧಿ. ತೆಳುವಾಗಿ ಬಡಿದ ಮಾಂಸದ ಒಂದು ತುಂಡು ಪುಡಿಯ ಹೊದಿಕೆಯಿಂದ ತಟ್ಟೆಯ ತುಂಬ ಕಾಣುತ್ತದೆ, ಹೊಟ್ಟೆಯನ್ನೂ ತುಂಬುತ್ತದೆ.

ಈ ಪದ್ಧತಿ ಎಲ್ಲಿ ಮೊದಲಾಯಿತು ಎಂಬ ವಿಚಾರದಲ್ಲಿ ಇಟಲಿಯ ಮಿಲಾನ್ ಮತ್ತು ಆಸ್ಟ್ರಿಯದ ವಿಯೆನ್ನಾ ನಗರಗಳ ನಡುವೆ ಹಳೆಯ ಜಗಳವಿದೆ. ಮಿಲಾನಿನವರು ತೋರಿಸುವುದು 1134ರ ಒಂದು ಪತ್ರವನ್ನು. ಅಲ್ಲಿನ ಸಂತ ಅಂಬ್ರೋಸನ ಚರ್ಚಿನ ಪಾದ್ರಿಗಳಿಗೆ ಬಡಿಸಬೇಕಾದ ಭೋಜನದ ಪಟ್ಟಿ ಅದರಲ್ಲಿದೆ. ‘ಲೊಂಬೊಲೋಸ್ ಕುಮ್ ಪಾನಿಚಿಯೊ’ ಎಂಬುದು ಆ ಪಟ್ಟಿಯ ಒಂದು ಭಕ್ಷ್ಯ. ಹದಿನೆಂಟನೆಯ ಶತಮಾನದ ಇತಿಹಾಸಕಾರ ಪಿಯೆತ್ರೊ ವೆರ್ರಿ ತನ್ನ ಮಿಲಾನ್ ಚರಿತ್ರೆಯಲ್ಲಿ ಇದನ್ನು ಉಲ್ಲೇಖಿಸಿದ ಮೇಲೆ ಈ ಮಾತಿಗೆ ಪ್ರಚಾರ ದೊರಕಿತು. ಆದರೆ ಆ ಲ್ಯಾಟಿನ್ ಪದಗಳಿಗೆ ಬ್ರೆಡ್ ಪುಡಿ ಹೊದಿಸಿದ ಮಾಂಸ ಎಂಬ ಅರ್ಥವೋ, ಬ್ರೆಡ್ಡಿನ ಜೊತೆಗೆ ಬಡಿಸಿದ ಮಾಂಸ ಎಂಬ ಅರ್ಥವೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ವಿಯೆನ್ನಾದ ‘ಶ್ನಿಟ್ಸೆಲ್’ ಇದೇ ಜಾತಿಯ ತಿನಿಸು. ಕರುವಿನ ಮಾಂಸವನ್ನು ತೆಳುವಾಗಿ ಬಡಿದು, ಹಿಟ್ಟು, ಮೊಟ್ಟೆ, ಬ್ರೆಡ್ ಪುಡಿಗಳಲ್ಲಿ ಅದ್ದಿ ಕರಿಯುತ್ತಾರೆ. ಇಂದಿಗೂ ಆಸ್ಟ್ರಿಯದಲ್ಲಿ ‘ವೀನರ್ ಶ್ನಿಟ್ಸೆಲ್’ ಎಂಬ ಹೆಸರು ಕರುವಿನ ಮಾಂಸದ್ದಕ್ಕೆ ಮಾತ್ರ ಸಲ್ಲುತ್ತದೆ. ಉತ್ತರ ಇಟಲಿಯನ್ನು ಆಸ್ಟ್ರಿಯ ಆಳುತ್ತಿದ್ದಾಗ ಅಲ್ಲಿ ಸೇನಾಧಿಪತಿಯಾಗಿದ್ದ ರಾಡೆಟ್ಸ್ಕಿ (1766-1858) ಈ ಅಡುಗೆಯನ್ನು ಮಿಲಾನಿನಿಂದ ವಿಯೆನ್ನಾಕ್ಕೆ ಒಯ್ದನೆಂಬ ಕಥೆ ಬಹಳ ಕಾಲ ಪ್ರಚಲಿತವಾಗಿತ್ತು. ಈ ಕಥೆಗೆ ಐತಿಹಾಸಿಕ ಆಧಾರವೇ ಇಲ್ಲವೆಂದು ಆಸ್ಟ್ರಿಯದ ಭಾಷಾವಿಜ್ಞಾನಿ ಹೈಂಜ್ ಡೀಟರ್ ಪೋಲ್ 2007ರಲ್ಲಿ ತೋರಿಸಿಕೊಟ್ಟರು.

ಜಗಳ ಯಾರದೇ ಇರಲಿ, ಎರಡೂ ಊರುಗಳ ಅಡುಗೆಯವರು ಬಳಸಿದ್ದು ಅಗಲವಾದ ತಟ್ಟೆಗಳನ್ನು ಮತ್ತು ತಮ್ಮ ಎರಡು ಕೈಗಳನ್ನು. ವಿಯೆನ್ನಾದ ಕ್ರಮದಲ್ಲಿ ಮೊದಲ ತಟ್ಟೆಯಲ್ಲಿ ಹಿಟ್ಟು, ಎರಡನೆಯದರಲ್ಲಿ ಕದಡಿದ ಮೊಟ್ಟೆ, ಮೂರನೆಯದರಲ್ಲಿ ಬ್ರೆಡ್ ಪುಡಿ. ಈ ಮೂರು ತಟ್ಟೆಗಳ ಸಾಲು ಇಂದಿಗೂ ಹಾಗೆಯೇ ಉಳಿದಿದೆ.

ಕಟ್ಲೆಟ್ ಬಂದ ದಾರಿ

ಯುರೋಪಿನಿಂದ ಈ ಪದ್ಧತಿ ಪೂರ್ವಕ್ಕೆ ಬರುವಾಗ ತನ್ನೊಡನೆ ಒಂದು ಹೆಸರನ್ನೂ ತಂದಿತು. ಫ್ರೆಂಚರಲ್ಲಿ ಪಕ್ಕೆಲುಬಿನ ಮಾಂಸದ ತುಂಡಿಗೆ ‘ಕೋತ್‌ಲೆತ್’ ಎಂಬ ಹೆಸರು. ಇಂಗ್ಲಿಷರ ಬಾಯಲ್ಲಿ ಅದು ಕಟ್ಲೆಟ್ ಆಯಿತು. ಕಂಪೆನಿ ಸರ್ಕಾರ ಮತ್ತು ನಂತರದ ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಕಂಟೋನ್ಮೆಂಟುಗಳ ಬಂಗಲೆ, ಕ್ಲಬ್ಬು, ರೈಲ್ವೆ ಊಟದ ಕೋಣೆಗಳ ಮೂಲಕ ಅದು ಭಾರತದ ಅಡುಗೆಯವರ ಕೈಗೆ ಬಂತು. ಮದರಾಸಿನಲ್ಲಿದ್ದ ಸೇನಾಧಿಕಾರಿ ಕೆನಿ ಹರ್ಬರ್ಟ್ ‘ವೈವರ್ನ್’ ಎಂಬ ಹೆಸರಿನಲ್ಲಿ 1878ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದ ಉದ್ದೇಶವೇ ಇಂಗ್ಲಿಷ್ ಮತ್ತು ಫ್ರೆಂಚ್ ಅಡುಗೆಯನ್ನು ದಕ್ಷಿಣ ಭಾರತದ ಒಲೆಯ ಮೇಲೆ ಮಾಡಿಸುವುದು ಹೇಗೆಂದು ತಿಳಿಸುವುದಾಗಿತ್ತು.

ಭಾರತಕ್ಕೆ ಬಂದ ಕಟ್ಲೆಟ್ ಬಹುಬೇಗ ಜಾತಿ ಬದಲಿಸಿತು. ಪಕ್ಕೆಲುಬು ಹೋಗಿ ಬೇಯಿಸಿದ ಆಲೂಗಡ್ಡೆ, ಬಟಾಣಿ, ಕ್ಯಾರೆಟ್, ಬೀಟ್‌ರೂಟ್ ಬಂದವು. ಮೊಟ್ಟೆ ಮುಟ್ಟದವರು ಅದರ ಜಾಗಕ್ಕೆ ಮೈದಾ ಹಿಟ್ಟಿನ ತೆಳು ಗಂಜಿಯನ್ನು ತಂದರು. ಹೊರಗಿನ ಪುಡಿಯ ಹೊದಿಕೆಯೊಂದು ಮಾತ್ರ ಹಾಗೆಯೇ ಉಳಿಯಿತು. ಇಂದು ಕಟ್ಲೆಟ್ಟಿಗೂ ಆಲೂ ಬೋಂಡಕ್ಕೂ ಒಳಗಿನ ಹೂರಣದಲ್ಲಿ ಅಂಥ ಭೇದವಿಲ್ಲ. ಕಡಲೆಹಿಟ್ಟಿನಲ್ಲಿ ಅದ್ದಿದರೆ ಬೋಂಡ, ಬ್ರೆಡ್ ಪುಡಿಯಲ್ಲಿ ಹೊರಳಿಸಿದರೆ ಕಟ್ಲೆಟ್!

ಇದಕ್ಕೆ ಬೇಕಾದ ಬ್ರೆಡ್ಡು ಸಿಗುವಂತಾದದ್ದೂ ಒಂದು ಇತಿಹಾಸವೇ. ಎಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಬೆಂಗಳೂರಿನಲ್ಲಿ ತೆರೆದ ಬಿ.ಬಿ. ಬೇಕರಿ, ಮುಂದೆ ಅದರ ದಾರಿಯಲ್ಲೇ ನಡೆದ ನೂರಾರು ಅಯ್ಯಂಗಾರ್ ಬೇಕರಿಗಳು ಬ್ರೆಡ್ಡು, ಬನ್ನು, ರಸ್ಕುಗಳನ್ನು ಮಧ್ಯಮ ವರ್ಗದ ಮನೆಗಳಿಗೆ ಒಗ್ಗಿಸಿದವು. ಕಟ್ಲೆಟ್ಟನ್ನು ಜನಸಾಮಾನ್ಯರ ಮೇಜಿಗೆ ತಂದವುಗಳಲ್ಲಿ ಕಾಫಿ ಹೌಸುಗಳ ಪಾಲು ದೊಡ್ಡದು. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ಅವನ್ನು ಉಳಿಸಿಕೊಂಡರು. ಅಂಥ ಸಂಘಗಳಲ್ಲಿ ಮೊದಲನೆಯದು ಸ್ಥಾಪನೆಯಾದದ್ದು 1957ರಲ್ಲಿ, ಬೆಂಗಳೂರಿನಲ್ಲಿ.

ಕರಾವಳಿಯ ರವೆ

ಕರ್ನಾಟಕದ ಕರಾವಳಿಯಲ್ಲಿ ಪುಡಿ ಹೊದಿಸುವ ಇನ್ನೊಂದು ವಿಧಾನವಿದೆ. ಅದೇ ರವಾ ಫ್ರೈ. ಕಾಣೆ, ಬಂಗುಡೆ, ಅಂಜಲ್ ಮುಂತಾದ ಮೀನುಗಳನ್ನು ಸ್ವಚ್ಛಗೊಳಿಸಿ, ಮೈಗೆ ಗೀರು ಹಾಕಿ, ಮೆಣಸಿನ ಪುಡಿ, ಅರಿಸಿನ, ಉಪ್ಪು, ಹುಳಿ, ಶುಂಠಿ, ಬೆಳ್ಳುಳ್ಳಿ ಬೆರೆಸಿದ ಮಸಾಲೆಯನ್ನು ಸವರಿ ಸ್ವಲ್ಪ ಹೊತ್ತು ಬಿಡುತ್ತಾರೆ. ಬಳಿಕ ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹುರಿಯುತ್ತಾರೆ. ಮೀನು ತಿನ್ನದವರು ಬಾಳೆಕಾಯಿ, ಜೀಗುಜ್ಜೆ, ಬದನೆಕಾಯಿಯ ಬಿಲ್ಲೆಗಳಿಗೂ ಇದೇ ಉಪಚಾರ ಮಾಡುತ್ತಾರೆ.

ಇದರಲ್ಲಿ ಮೊಟ್ಟೆಯೂ ಇಲ್ಲ, ಬ್ರೆಡ್ಡೂ ಇಲ್ಲ. ಮಸಾಲೆಯೇ ಅಂಟು, ರವೆಯೇ ಹೊದಿಕೆ. ಯುರೋಪಿನ ಮೂರು ತಟ್ಟೆಗಳ ಕೆಲಸ ಇಲ್ಲಿ ಎರಡಕ್ಕೆ ಇಳಿದಿದೆ. ಗೇಣುದ್ದದ ಕಾಣೆ ಮೀನನ್ನು ಡಬ್ಬಿಯಲ್ಲಿಟ್ಟು ಕುಲುಕುವ ಆಲೋಚನೆ ಮಂಗಳೂರು, ಉಡುಪಿ ಕಡೆಯ ಅಡುಗೆಯವರಿಗೆ ನಗು ತರಿಸೀತು. ಮೀನು ಮುರಿಯುತ್ತದೆ, ಸವರಿದ ಮಸಾಲೆ ಡಬ್ಬಿಯ ಗೋಡೆಗೆ ಹತ್ತುತ್ತದೆ.

ಜಪಾನಿನ ಪಾಂಕೊ

ಇದೇ ಕಟ್ಲೆಟ್ ಭಾರತವನ್ನು ದಾಟಿ ಜಪಾನನ್ನೂ ಮುಟ್ಟಿತು. ಬೌದ್ಧ ಧರ್ಮದ ಪ್ರಭಾವದಿಂದ ಶತಮಾನಗಳ ಕಾಲ ಮಾಂಸಾಹಾರಕ್ಕೆ ನಿರ್ಬಂಧವಿದ್ದ ಆ ದೇಶದಲ್ಲಿ 1872ರಲ್ಲಿ ಮೇಜಿ ಚಕ್ರವರ್ತಿ ತಾನು ಗೋಮಾಂಸ ತಿಂದುದನ್ನು ಬಹಿರಂಗಪಡಿಸಿದ. ಪಶ್ಚಿಮದ ಅಡುಗೆಗೆ ಬಾಗಿಲು ತೆರೆಯಿತು. ಟೋಕಿಯೊದ ಗಿಂಜಾ ಬಡಾವಣೆಯಲ್ಲಿ 1895ರಲ್ಲಿ ಆರಂಭವಾದ ರೆಂಗಾತೈ ಎಂಬ ಹೋಟೆಲು, ಹಂದಿಮಾಂಸಕ್ಕೆ ಬ್ರೆಡ್ ಪುಡಿ ಹೊದಿಸಿ ತುಂಬು ಎಣ್ಣೆಯಲ್ಲಿ ಕರಿದು ಕೊಡಲು 1899ರಲ್ಲಿ ಶುರುಮಾಡಿತು. ಕಟ್ಲೆಟ್ ಎಂಬ ಪದ ಜಪಾನೀಯರ ನಾಲಗೆಯಲ್ಲಿ ‘ಕಾತ್ಸುರೆತ್ಸು’ ಆಗಿ, ಬಳಿಕ ಬರೀ ‘ಕಾತ್ಸು’ ಆಯಿತು. ‘ತೊಂಕಾತ್ಸು’ ಎಂದರೆ ಹಂದಿಮಾಂಸದ ಕಟ್ಲೆಟ್.

ಅಲ್ಲಿನ ಬ್ರೆಡ್ ಪುಡಿಯ ಹೆಸರು ‘ಪಾಂಕೊ’. ‘ಕೊ’ ಎಂದರೆ ಪುಡಿ. ‘ಪಾನ್’ ಎಂಬುದು ಪೋರ್ಚುಗೀಸರ ‘ಪಾಂವ್’, ಅಂದರೆ ಬ್ರೆಡ್ಡು. ಗೋವಾ, ಮುಂಬಯಿಗಳಲ್ಲಿ ಪಾವ್ ಆಗಿರುವುದೂ ಅದೇ ಪದ. 1510ರಲ್ಲಿ ಗೋವಾ ಗೆದ್ದ ಪೋರ್ಚುಗೀಸರು 1543ರಲ್ಲಿ ಜಪಾನಿನ ದಡ ಮುಟ್ಟಿದ್ದರು. ಹೀಗೆ ಬೆಳಗಾವಿ, ಕಾರವಾರಗಳ ಅಂಗಡಿಯ ಪಾವ್‌ಗೂ ಟೋಕಿಯೊದ ಪಾಂಕೊಗೂ ಹೆಸರಿನ ನಂಟಿದೆ. ಪಾಂಕೊಗೆಂದೇ ಮಾಡುವ ಬ್ರೆಡ್ಡಿನ ವಿಧಾನವೊಂದು ಕುತೂಹಲಕರ. ಹಿಟ್ಟಿನ ಮುದ್ದೆಯನ್ನು ಲೋಹದ ಎರಡು ಹಲಗೆಗಳ ನಡುವೆ ಇಟ್ಟು ವಿದ್ಯುತ್ ಹಾಯಿಸುತ್ತಾರೆ. ಹಿಟ್ಟು ಒಳಗಿನಿಂದಲೇ ಬಿಸಿಯಾಗಿ ಬೇಯುವುದರಿಂದ ಬ್ರೆಡ್ಡಿಗೆ ಕಂದು ತೊಗಟೆ ಕಟ್ಟುವುದಿಲ್ಲ. ಅದನ್ನು ತುರಿದರೆ ಬೆಳ್ಳಗಿನ, ಉದ್ದನೆಯ, ಹಗುರವಾದ ಪುಡಿ ಸಿಗುತ್ತದೆ. ಕರಿದ ಮೇಲೆ ಹೆಚ್ಚು ಗರಿಗರಿಯಾಗಿರುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಜಪಾನೀಯರು ಸುಧಾರಿಸಿದ್ದು ಪುಡಿಯನ್ನು. ಹೊದಿಸುವ ಕೆಲಸವನ್ನು ಅವರೂ ಕೈಗೇ ಬಿಟ್ಟರು.

ಯಂತ್ರದ ಪ್ರವೇಶ

ಕೈಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ್ದು ಎರಡನೆಯ ಮಹಾಯುದ್ಧದ ನಂತರದ ಅಮೆರಿಕ. ಕಾರಣವೂ ಸ್ಪಷ್ಟ. ಅಲ್ಲಿ ದೊಡ್ಡ ಹಡಗುಗಳು ಹಿಡಿದ ಮೀನನ್ನು ಇಟ್ಟಿಗೆಗಳಂತೆ ಗಡ್ಡೆಕಟ್ಟಿಸಿ ಇಡುತ್ತಿದ್ದರು. ಈ ಗಡ್ಡೆಗಳಿಗೆ ಗಿರಾಕಿಗಳಿರಲಿಲ್ಲ. ಗರಗಸದಿಂದ ಅವನ್ನು ಬೆರಳಿನ ಗಾತ್ರಕ್ಕೆ ಕೊಯ್ದು, ಚಲಿಸುವ ಪಟ್ಟಿಯ ಮೇಲೆ ಹಿಟ್ಟಿನ ಗಂಜಿ ಸುರಿದು, ಬ್ರೆಡ್ ಪುಡಿ ಉದುರಿಸಿ, ಅರೆಬರೆ ಕರಿದು ಮಾರುವ ಉಪಾಯ ಹೊಳೆಯಿತು. 1953ರಲ್ಲಿ ಅಮೆರಿಕದಲ್ಲಿಯೂ 1955ರಲ್ಲಿ ಇಂಗ್ಲೆಂಡಿನಲ್ಲಿಯೂ ಇವು ಮಾರುಕಟ್ಟೆಗೆ ಬಂದವು. ಇಂಗ್ಲೆಂಡಿನಲ್ಲಿ ಇವುಗಳಿಗೆ ‘ಫಿಶ್ ಫಿಂಗರ್’ ಎಂದೇ ಹೆಸರಾಯಿತು.

ಕೋಳಿಮಾಂಸದ ಸರದಿ ಆಮೇಲೆ ಬಂತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನಿಯಾಗಿದ್ದ ರಾಬರ್ಟ್ ಬೇಕರ್ 1963ರಲ್ಲಿ ಕೋಳಿಮಾಂಸದ ಕಡ್ಡಿಗಳನ್ನು ರೂಪಿಸಿದರು. ಅವರು ಎದುರಿಸಿದ ತೊಡಕುಗಳಲ್ಲಿ ಒಂದು ಪುಡಿಯದ್ದೇ. ಶೈತ್ಯದಲ್ಲಿ ಮಾಂಸ ಕುಗ್ಗುತ್ತದೆ, ಬಾಣಲೆಯಲ್ಲಿ ಕಾವು ತಗಲುತ್ತದೆ. ಎರಡನ್ನೂ ತಾಳಿಕೊಂಡು ಹೊದಿಕೆ ಕಳಚದೆ ಉಳಿಯಬೇಕು. ಮೊದಲು ಗಡ್ಡೆಕಟ್ಟಿಸಿ, ಹೊದಿಕೆ ಕೊಟ್ಟು, ಮತ್ತೆ ಗಡ್ಡೆಕಟ್ಟಿಸುವ ಕ್ರಮದಿಂದ ಬೇಕರ್ ಅದನ್ನು ಬಗೆಹರಿಸಿದರು. ಅದಕ್ಕೆ ಪೇಟೆಂಟ್ ಪಡೆಯದೆ ವಿಶ್ವವಿದ್ಯಾಲಯದ ಪ್ರಕಟಣೆಯ ಮೂಲಕ ಎಲ್ಲರಿಗೂ ತಿಳಿಸಿಬಿಟ್ಟರು.

ಕಾರ್ಖಾನೆಯ ಈ ತಂತ್ರ ಮನೆಗೆ ಬಂದದ್ದು ಒಂದು ಪ್ಲಾಸ್ಟಿಕ್ ಚೀಲದ ರೂಪದಲ್ಲಿ. ಅಮೆರಿಕದ ಜನರಲ್ ಫುಡ್ಸ್ ಕಂಪೆನಿ 1965ರಲ್ಲಿ ‘ಶೇಕ್ ಎನ್ ಬೇಕ್’ ಎಂಬ ಮಸಾಲೆ ಬೆರೆತ ಪುಡಿಯನ್ನು ಬಿಡುಗಡೆ ಮಾಡಿತು. ಪೊಟ್ಟಣದ ಜೊತೆಗೇ ಒಂದು ಚೀಲ. ಚೀಲಕ್ಕೆ ಪುಡಿ ಸುರಿದು, ಕೋಳಿಯ ತುಂಡು ಹಾಕಿ, ಬಾಯಿ ಹಿಡಿದು ಕುಲುಕಿ ಓವನ್ನಿಗೆ ಇಟ್ಟರಾಯಿತು. ಇಂದು ಮಾರಾಟಕ್ಕಿರುವ ತೂತು ತಟ್ಟೆಯ ಡಬ್ಬಿ ಈ ಚೀಲದ ಗಟ್ಟಿಮುಟ್ಟಾದ ತಮ್ಮ ಎನ್ನಬಹುದು. ಸ್ವಾರಸ್ಯವೆಂದರೆ, ಪ್ಲಾಸ್ಟಿಕ್ ಕಸ ಕಡಿಮೆ ಮಾಡಲೆಂದು 2022ರಲ್ಲಿ ಆ ಪುಡಿಯ ತಯಾರಕರು ಚೀಲವನ್ನೇ ಕೈಬಿಟ್ಟರು. ಮನೆಯಲ್ಲಿರುವ ಮುಚ್ಚಳದ ಡಬ್ಬಿಯನ್ನೇ ಬಳಸಿಕೊಳ್ಳಬಹುದೆಂದು ಇದರಿಂದಲೇ ತಿಳಿಯುತ್ತದೆ.

ಒಂದೇ ಕೆಲಸದ ಸಲಕರಣೆಗಳನ್ನು ಮನೆಮನೆಗೆ ಮುಟ್ಟಿಸಿದ ಮಾರಾಟದ ಕಲೆಯೂ ಅಮೆರಿಕದಲ್ಲೇ ಪಳಗಿತು. ಸ್ಯಾಮ್ಯುಯೆಲ್ ಪೋಪೀಲ್ 1963ರಲ್ಲಿ ಹೊರತಂದ ‘ವೆಜ್-ಓ-ಮ್ಯಾಟಿಕ್’ ಎಂಬ ತರಕಾರಿ ಹೆಚ್ಚುವ ಯಂತ್ರವನ್ನು ಆತನ ಮಗ ರಾನ್ ಪೋಪೀಲ್ (1935-2021) ದೂರದರ್ಶನದ ಜಾಹೀರಾತುಗಳಲ್ಲಿ ಮಾರಿ ಹೆಸರಾದ. ಪ್ರದರ್ಶನದ ಮೇಜಿನ ಮೇಲೆ ಇಂಥ ಯಂತ್ರಗಳು ಎಂದೂ ತಪ್ಪುವುದಿಲ್ಲ. ಪ್ರದರ್ಶನ ಮುಗಿದ ಮೇಲೆ ಅವನ್ನು ಬಿಚ್ಚಿ, ಮೂಲೆಗಳನ್ನು ತಿಕ್ಕಿ, ಒಣಗಿಸಿ, ಮತ್ತೆ ಜೋಡಿಸುವ ಭಾಗವನ್ನು ಮಾತ್ರ ಯಾರೂ ತೋರಿಸುವುದಿಲ್ಲ.

ಪುಡಿ ಅಂಟುವ ಬಗೆ

ಡಬ್ಬಿ ಬೇಕೋ ಬೇಡವೋ ತಿಳಿಯಲು ಪುಡಿ ಹೇಗೆ ಅಂಟುತ್ತದೆ ಎಂಬುದನ್ನು ತಿಳಿಯಬೇಕು. ತುಂಡಿನ ಮೇಲ್ಮೈ ತೇವವಾಗಿದ್ದರೆ ಅದು ಬಾಣಲೆಯಲ್ಲಿ ಆವಿಯಾಗಿ ಹೊದಿಕೆಯನ್ನು ಹೊರಕ್ಕೆ ದೂಡುತ್ತದೆ. ಆದ್ದರಿಂದ ಮೊದಲು ತುಂಡನ್ನು ಬಟ್ಟೆಯಿಂದ ಒರೆಸಬೇಕು. ಒಣ ಹಿಟ್ಟು ಉಳಿದ ತೇವವನ್ನು ಹೀರಿ ಒರಟಾದ ಮೈ ಕೊಡುತ್ತದೆ. ಮೊಟ್ಟೆ ಅಥವಾ ಮೈದಾ ಗಂಜಿ ಆ ಮೈಯನ್ನು ಹಿಡಿದುಕೊಳ್ಳುತ್ತದೆ, ಕಾವು ತಗಲಿದಾಗ ಗಟ್ಟಿಯಾಗಿ ಪುಡಿಯನ್ನು ಬಿಗಿಯುತ್ತದೆ. ಹೊರಗಿನ ಒಣ ಪುಡಿ ಬೇಗ ಕೆಂಪಗಾಗಿ ಗರಿಗರಿಯಾಗುತ್ತದೆ, ಒಳಗಿನ ಪದಾರ್ಥ ಮೆತ್ತಗೆ ಉಳಿಯುತ್ತದೆ. ಪುಡಿ ಹೊದಿಸಿದ ಮೇಲೆ ಹತ್ತು ಹದಿನೈದು ನಿಮಿಷ ಸುಮ್ಮನೆ ಇಟ್ಟರೆ ಪುಡಿ ತೇವ ಹೀರಿ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಎಣ್ಣೆಯ ಕಾವು 170ರಿಂದ 180 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಕಾವು ಸಾಲದಿದ್ದರೆ ಹೊದಿಕೆ ಎಣ್ಣೆ ಕುಡಿಯುತ್ತದೆ.

ಈ ಇಡೀ ಸರಣಿಯಲ್ಲಿ ಡಬ್ಬಿ ಮಾಡುವ ಕೆಲಸ ಒಣ ಪುಡಿ ಮೆತ್ತುವ ಒಂದು ಹಂತ ಮಾತ್ರ. ಒರೆಸುವುದು, ಹಿಟ್ಟಿನ ಬಳಿಕ ಮೊಟ್ಟೆಯಲ್ಲಿ ಅದ್ದುವುದು, ಸೋರಲು ಬಿಡುವುದು ಎಲ್ಲ ಕೈಗೇ ಉಳಿಯುತ್ತವೆ. ಕೈ ಅಂಟಾಗುವುದು ಮೊಟ್ಟೆಯಿಂದ. ಅದನ್ನು ಡಬ್ಬಿ ತಪ್ಪಿಸುವುದಿಲ್ಲ. ಮೊಟ್ಟೆಯಲ್ಲಿ ಅದ್ದಿದ ತುಂಡುಗಳನ್ನು ಒಟ್ಟಿಗೆ ಹಾಕಿ ಕುಲುಕಿದರೆ ಅವು ಒಂದಕ್ಕೊಂದು ಅಂಟುತ್ತವೆ, ಪುಡಿಯೂ ಉಂಡೆಗಟ್ಟುತ್ತದೆ. ಆಲೂಗಡ್ಡೆಯ ಮೆತ್ತನೆಯ ಕಟ್ಲೆಟ್ ಕುಲುಕಿದರೆ ಆಕಾರ ಕಳೆದುಕೊಳ್ಳುತ್ತದೆ. ಅದಕ್ಕೆ ಅಂಗೈಯ ಮೆಲ್ಲನೆಯ ಒತ್ತು ಬೇಕು.

ಡಬ್ಬಿಯ ಒಂದು ಗುಣವನ್ನು ಒಪ್ಪಲೇಬೇಕು. ತೂತು ತಟ್ಟೆ ಹೆಚ್ಚಿನ ಪುಡಿಯನ್ನು ಉದುರಿಸುವುದರಿಂದ ಎಣ್ಣೆಯಲ್ಲಿ ಸಡಿಲ ಪುಡಿ ಬಿದ್ದು ಸೀಯುವುದು ತಪ್ಪುತ್ತದೆ. ಆದರೆ ಈ ಕೆಲಸವನ್ನು ಹಿಟ್ಟು ಸಾಣಿಸುವ ಜರಡಿಯೂ ಮಾಡಬಲ್ಲದು.

ಇನ್ನೊಂದು ಎಚ್ಚರಿಕೆ ಅಗತ್ಯ. ಮುಚ್ಚಳವಿದೆಯೆಂದು ಉಳಿದ ಪುಡಿಯನ್ನು ಡಬ್ಬಿಯಲ್ಲೇ ನಾಳೆಗೆ ಇಡುವ ಮನಸ್ಸಾಗಬಹುದು. ಹಸಿ ಮೊಟ್ಟೆ, ಮೀನು, ಮಾಂಸ ತಗಲಿದ ಪುಡಿಯಲ್ಲಿ ರೋಗಾಣುಗಳು ಬೆಳೆಯುತ್ತವೆ. ಅದನ್ನು ಚೆಲ್ಲಲೇಬೇಕು. ಬೇಕಾದಷ್ಟೇ ಪುಡಿ ತೆಗೆದುಕೊಳ್ಳುವುದು ಜಾಣತನ.

ಶಾವಿಗೆ ಮಣೆಯ ಪಾಠ

ಹಾಗಾದರೆ ಒಂದೇ ಕೆಲಸದ ಸಲಕರಣೆಗಳೆಲ್ಲ ವ್ಯರ್ಥವೇ? ಹಾಗೆನ್ನುವವರು ಕರ್ನಾಟಕದ ಹಳೆಯ ಅಡುಗೆಮನೆಯನ್ನೊಮ್ಮೆ ನೋಡಬೇಕು. ಚಕ್ಕುಲಿ ಒರಳು ಚಕ್ಕುಲಿ ಒತ್ತುವುದಕ್ಕೇ, ತುರಿಮಣೆ ತೆಂಗಿನಕಾಯಿ ತುರಿಯುವುದಕ್ಕೇ, ಪಡ್ಡಿನ ಕಾವಲಿ ಪಡ್ಡು ಹಾಕುವುದಕ್ಕೇ. ಮಲೆನಾಡು, ಕರಾವಳಿಗಳ ಶಾವಿಗೆ ಒರಳು, ಉತ್ತರ ಕರ್ನಾಟಕದ ಶಾವಿಗೆ ಮಣೆಗಳೂ ಅಷ್ಟೆ. ಇವು ಯಾವುವನ್ನೂ ದುಂದಿನ ವಸ್ತುಗಳೆಂದು ಯಾರೂ ಕರೆದಿಲ್ಲ. ತಲೆಮಾರುಗಳ ಕಾಲ ಅವು ಉಳಿದು ಬಂದಿವೆ.

ಅವು ಉಳಿದುದಕ್ಕೆ ಕಾರಣಗಳಿವೆ. ಮೊದಲನೆಯದಾಗಿ, ಅವು ಮಾಡುವ ಕೆಲಸ ಬರಿಗೈಗೆ ಅಸಾಧ್ಯ ಅಥವಾ ಬಹು ಕಷ್ಟ. ಗುಳಿಗಳಿಲ್ಲದ ಕಾವಲಿಯಲ್ಲಿ ಪಡ್ಡು ಆಗದು. ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ದಾರದಂತೆ ಮಾಡಲು ಅಚ್ಚು ಬೇಕೇ ಬೇಕು. ಎರಡನೆಯದಾಗಿ, ನಿತ್ಯ ಬೇಕಾದದ್ದು ಮಾತ್ರ ಪ್ರತಿಮನೆಯಲ್ಲಿರುತ್ತಿತ್ತು. ತುರಿಮಣೆ ಎಲ್ಲರ ಮನೆಯಲ್ಲೂ ಇತ್ತು. ವರ್ಷಕ್ಕೆ ನಾಲ್ಕು ದಿನ ಬೇಕಾಗುವ ಚಕ್ಕುಲಿ ಒರಳು ಗೋಕುಲಾಷ್ಟಮಿಯ ಮುಂಚೆ ಮನೆಯಿಂದ ಮನೆಗೆ ಎರವಲಾಗಿ ತಿರುಗುತ್ತಿತ್ತು. ಬೇಸಿಗೆಯಲ್ಲಿ ಶಾವಿಗೆ ಹೊಸೆಯುವಾಗ ಓಣಿಯ ಹೆಂಗಸರು ಒಂದೆಡೆ ಸೇರುತ್ತಿದ್ದರು. ಸಲಕರಣೆಯನ್ನು ಹಂಚಿಕೊಳ್ಳುವಾಗ ಶ್ರಮವನ್ನೂ ಹಂಚಿಕೊಳ್ಳುತ್ತಿದ್ದರು. ಮೂರನೆಯದಾಗಿ, ಮರ, ಹಿತ್ತಾಳೆ, ಕಬ್ಬಿಣಗಳ ಆ ವಸ್ತುಗಳು ಸವೆದರೆ ಬಡಗಿಯೋ ಕಮ್ಮಾರನೋ ಸರಿಪಡಿಸುತ್ತಿದ್ದ. ಸೀಳಿದ ಪ್ಲಾಸ್ಟಿಕ್ ಡಬ್ಬಿಗೆ ಆ ಭಾಗ್ಯವಿಲ್ಲ.

ಹೊಸ ಯಂತ್ರಗಳೆಂದರೆ ಬೇಡವೆಂಬ ವಾದವೂ ಸರಿಯಲ್ಲ. ಕೊಯಮತ್ತೂರಿನ ಪಿ. ಸಭಾಪತಿ 1955ರಲ್ಲಿ ರೂಪಿಸಿದ ವೆಟ್ ಗ್ರೈಂಡರ್ ಇದಕ್ಕೆ ನಿದರ್ಶನ. ದೋಸೆ, ಇಡ್ಲಿಯ ಹಿಟ್ಟಿಗಾಗಿ ಒರಳಿನ ಮುಂದೆ ಕೂತು ಗಂಟೆಗಟ್ಟಲೆ ಗುಂಡುಕಲ್ಲು ತಿರುವುತ್ತಿದ್ದ ಹೆಂಗಸರ ಭುಜ, ಬೆನ್ನುಗಳಿಗೆ ಅದು ನೀಡಿದ ಬಿಡುವು ಅಳೆಯಲಾಗದ್ದು. ವಾರಕ್ಕೆ ಎರಡು ಮೂರು ಬಾರಿ ಬರುವ, ಮೈಮುರಿಯುವ ಕೆಲಸವನ್ನು ಅದು ಪೂರ್ತಿಯಾಗಿ ತಾನೇ ಹೊತ್ತುಕೊಂಡಿತು.

ಎಲ್ಲ ಯಂತ್ರಗಳೂ ಹೀಗೆ ನಡೆದುಕೊಳ್ಳುವುದಿಲ್ಲ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಪ್ರಕಟಿಸಿದ ‘ಮೋರ್ ವರ್ಕ್ ಫಾರ್ ಮದರ್’ ಎಂಬ ಗ್ರಂಥದಲ್ಲಿ ಇದನ್ನು ವಿವರವಾಗಿ ಚರ್ಚಿಸಿದ್ದಾರೆ. ಸೌದೆ ಒಡೆಯುವುದು, ನೀರು ತರುವುದು ಮುಂತಾಗಿ ಗಂಡಸರು, ಮಕ್ಕಳು ಮಾಡುತ್ತಿದ್ದ ಕೆಲಸಗಳನ್ನು ಹೊಸ ವ್ಯವಸ್ಥೆಗಳು ಇಲ್ಲವಾಗಿಸಿದವು. ಗೃಹಿಣಿಯ ಪಾಲಿನ ಕೆಲಸಕ್ಕೆ ಮಾತ್ರ ಹೊಸ ನಿರೀಕ್ಷೆಗಳು ಸೇರಿಕೊಂಡವು. ಬಟ್ಟೆ ಒಗೆಯುವ ಯಂತ್ರ ಬಂದ ಮೇಲೆ ಬಟ್ಟೆ ಹೆಚ್ಚು ಬಾರಿ ಒಗೆಯಬೇಕಾಯಿತು. ಪುಡಿ ಹೊದಿಸುವ ಡಬ್ಬಿ ಬಂದ ಮನೆಯಲ್ಲಿ ‘ಹೇಗೂ ಡಬ್ಬಿಯಿದೆಯಲ್ಲ’ ಎಂಬ ಮಾತಿನೊಡನೆ ಕಟ್ಲೆಟ್ಟಿನ ಬೇಡಿಕೆ ಹೆಚ್ಚಿದರೆ ಆಶ್ಚರ್ಯವಿಲ್ಲ. ಹೂರಣ ಬೇಯಿಸುವುದು, ಕರಿಯುವುದು, ತೊಳೆಯುವುದು ಯಾರ ಪಾಲಿಗೆ ಬರುತ್ತದೆಂದು ಬೇರೆ ಹೇಳಬೇಕಿಲ್ಲ.

ಕೊಳ್ಳಬೇಕಾದವರು ಯಾರು?

ಶಾವಿಗೆ ಮಣೆ ಮತ್ತು ವೆಟ್ ಗ್ರೈಂಡರುಗಳ ಅನುಭವದಿಂದ ಮೂರು ಪ್ರಶ್ನೆಗಳು ಹೊರಡುತ್ತವೆ. ಈ ಕೆಲಸ ಕೈಯಿಂದ ಆಗುವುದಿಲ್ಲವೇ? ವರ್ಷಕ್ಕೆ ಎಷ್ಟು ದಿನ ಇದು ಬೇಕು? ಕೊನೆಗೆ ಇದನ್ನು ತೊಳೆಯುವವರು ಯಾರು? ಪುಡಿಯ ಡಬ್ಬಿ ಸಾಮಾನ್ಯ ಮನೆಯೊಂದರಲ್ಲಿ ಈ ಮೂರು ಪ್ರಶ್ನೆಗಳಿಗೂ ಸಮಾಧಾನಕರ ಉತ್ತರ ಕೊಡಲಾರದು. ತಿಂಗಳಿಗೊಮ್ಮೆ ಹತ್ತು ಹನ್ನೆರಡು ಕಟ್ಲೆಟ್ ಮಾಡುವವರಿಗೆ ಮೂರು ಊಟದ ತಟ್ಟೆಗಳು ಸಾಕು. ಅವು ಬೇರೆ ಹೊತ್ತಿನಲ್ಲಿ ಊಟಕ್ಕೂ ಬರುತ್ತವೆ.

ಪಶ್ಚಿಮದ ಅಡುಗೆಯವರು ಕೈ ಅಂಟಾಗದಿರಲು ಒಂದು ಕ್ರಮ ಹೇಳುತ್ತಾರೆ. ಒಂದು ಕೈ ಒಣ ಪದಾರ್ಥಕ್ಕೆ, ಇನ್ನೊಂದು ಕೈ ಹಸಿ ಪದಾರ್ಥಕ್ಕೆ. ಎಡಗೈಯಿಂದ ಅಡುಗೆ ಪದಾರ್ಥ ಮುಟ್ಟದ ಮನೆಗಳಲ್ಲಿ ಇದು ಒಗ್ಗದು. ಅಂಥಲ್ಲಿ ಮೊಟ್ಟೆ ಅಥವಾ ಗಂಜಿಯಿಂದ ತುಂಡನ್ನು ಚಮಚದಲ್ಲಿ ಎತ್ತಿ ಪುಡಿಯ ಮೇಲಿಟ್ಟು, ಮೇಲಿನಿಂದ ಇನ್ನಷ್ಟು ಪುಡಿ ಉದುರಿಸಿ, ಬಲಗೈಯಿಂದ ಒತ್ತಿದರೆ ಅದೇ ಫಲ ಸಿಗುತ್ತದೆ. ಸಣ್ಣ ತುಂಡುಗಳಿಗೆ ಒಣ ಹಿಟ್ಟು ಮಾತ್ರ ಮೆತ್ತಬೇಕಾದರೆ ಮನೆಯಲ್ಲಿರುವ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಕುಲುಕಿ ಜರಡಿಗೆ ಸುರಿದರಾಯಿತು. ಬ್ರೆಡ್ ಪುಡಿಯನ್ನೂ ಕೊಳ್ಳಬೇಕಿಲ್ಲ. ಒಣಗಿದ ಬ್ರೆಡ್ಡಿನ ಅಂಚುಗಳನ್ನೋ ಮೆತ್ತಗಾಗದ ರಸ್ಕನ್ನೋ ಮಿಕ್ಸಿಯಲ್ಲಿ ಒಮ್ಮೆ ತಿರುಗಿಸಿದರೆ ಪುಡಿ ಸಿದ್ಧ.

ಆದರೂ ಈ ಡಬ್ಬಿಯಿಂದ ಉಪಯೋಗ ಪಡೆಯುವವರು ಇಲ್ಲದಿಲ್ಲ. ಸಂಜೆಯ ಹೊತ್ತು ತಿಂಡಿ ಮಾಡಿ ಮಾರುವ ಮನೆಯವರು, ದಿನವೂ ಕಿಲೋಗಟ್ಟಲೆ ಕೋಳಿ ಅಥವಾ ಹೂಕೋಸಿನ ತುಂಡುಗಳಿಗೆ ಹಿಟ್ಟು ಮೆತ್ತಬೇಕಾದ ಸಣ್ಣ ಹೋಟೆಲಿನವರಿಗೆ ಇದರಿಂದ ಸಮಯ ಉಳಿಯುತ್ತದೆ. ಸಂಧಿವಾತದಿಂದ ಬೆರಳು ಮಡಿಸಲಾಗದವರಿಗೆ, ಹಸಿ ಮೀನು, ಮಾಂಸ ಮುಟ್ಟಿದರೆ ಚರ್ಮ ತುರಿಸುವವರಿಗೆ ಇದು ಉಪಕಾರಿಯಾಗಬಹುದು. ಅಂಥವರೂ ಕೊಳ್ಳುವಾಗ ಬಾಯಿ ಅಗಲವಾಗಿರುವುದನ್ನು, ತಟ್ಟೆ ಬಿಡಿಸಿ ತೊಳೆಯಲು ಬರುವುದನ್ನು, ಮೂಲೆಗಳು ದುಂಡಾಗಿರುವುದನ್ನು ನೋಡಿ ಆರಿಸಬೇಕು.

ಉಳಿದವರ ಮಟ್ಟಿಗೆ ಇತಿಹಾಸ ಹೇಳುವ ಮಾತು ಸರಳವಾಗಿದೆ. ಪುಡಿ ಹೊದಿಸುವ ಅಡುಗೆ ಹುಟ್ಟಿದ್ದು, ಹೊಸದೇನನ್ನೂ ಕೊಳ್ಳದೆ ಮನೆಯಲ್ಲಿ ಉಳಿದುದನ್ನು ಬಳಸುವ ಜಾಣ್ಮೆಯಿಂದ. ಆ ಅಡುಗೆಗೆಂದೇ ಹೊಸ ಡಬ್ಬಿ ಕೊಂಡು, ಅದನ್ನಿಡಲು ಜಾಗ ಹುಡುಕುವುದು ಮೂಗಿಗಿಂತ ಮೂಗುತಿ ಭಾರವಾದಂತೆ. ಮನೆಯವರು ನಿಜವಾಗಿ ಅಡುಗೆಯವಳ ಶ್ರಮ ಉಳಿಸಬಯಸಿದರೆ ಅದಕ್ಕೆ ಅಗ್ಗವಾದ ಬೇರೊಂದು ಉಪಾಯವಿದೆ. ಕಟ್ಲೆಟ್ ತಟ್ಟುವಾಗ ಒಬ್ಬರು ಗಂಜಿಯಲ್ಲಿ ಅದ್ದಿಕೊಟ್ಟು, ಇನ್ನೊಬ್ಬರು ಪುಡಿಯಲ್ಲಿ ಹೊರಳಿಸಿದರೆ ಕೈ ಅಂಟಾಗುವ ತೊಂದರೆಯೂ ಇಲ್ಲ, ಹೊತ್ತೂ ಉಳಿಯುತ್ತದೆ. ಶಾವಿಗೆ ಮಣೆಯ ಸುತ್ತ ಕೂತ ಓಣಿಯ ಹೆಂಗಸರಿಗೆ ಈ ಲೆಕ್ಕ ಮೊದಲೇ ತಿಳಿದಿತ್ತು.